ಸಂಘದ ಊಟದೆಲೆಯಲ್ಲಿ ಕಾಳುಪಲ್ಯಕ್ಕೂ ಜಾಗವಿರಲಿ

ಮಾನ್ಯ ಸಂಪಾದಕರೇ,

ಹೊಟ್ಟೆಯ ಬೊಜ್ಜು, ಏರಿದ ರಕ್ತದೊತ್ತಡ, ರಕ್ತದಲ್ಲಿ ಹೆಚ್ಚಿದ ಸಕ್ಕರೆ ಮತ್ತು ಕೊಬ್ಬು ಒಟ್ಟಾಗಿ ಕಾಡುವ ಮೆಟಬಾಲಿಕ್ ಸಿಂಡ್ರೋಮ್ ಬಗ್ಗೆ ಮುಂಬಯಿಯ ಕನ್ನಡ ಸಂಘಗಳು ಗಂಭೀರವಾಗಿ ಯೋಚಿಸಬೇಕಾಗಿದೆ. ಇದು ಹೃದ್ರೋಗಕ್ಕೂ ಮಧುಮೇಹಕ್ಕೂ ದಾರಿ ಮಾಡಿಕೊಡುತ್ತದೆ. ಡೊಂಬಿವಲಿಯಿಂದ ಬೆಳಗಿನ ಲೋಕಲ್ ಹಿಡಿಯುವ ನನ್ನಂಥವರ ಉಪಾಹಾರ ನಿಲ್ದಾಣದ ವಡಾಪಾವ್ ಮತ್ತು ಸಿಹಿ ಚಹಾ. ರಾತ್ರಿ ಹತ್ತಕ್ಕೆ ಮನೆ ಸೇರಿ ತಟ್ಟೆ ತುಂಬ ಬಿಳಿ ಅನ್ನ ಉಂಡು ಮಲಗುತ್ತೇವೆ. ಕಳೆದ ತಿಂಗಳು ವೈದ್ಯರು ಟೇಪು ಹಿಡಿದು ಅಳೆದಾಗ ನನ್ನ ಸೊಂಟದ ಸುತ್ತಳತೆ 97 ಸೆಂ.ಮೀ. ಇತ್ತು. ನಮ್ಮಂಥ ದಕ್ಷಿಣ ಏಷ್ಯಾದ ಪುರುಷರಿಗೆ ಮಿತಿ 90, ಮಹಿಳೆಯರಿಗೆ 80. ನೋಡಲು ದಪ್ಪಗಿಲ್ಲದವರೂ ಇದನ್ನು ದಾಟಿರಬಹುದು ಎಂಬುದೇ ಆತಂಕದ ಸಂಗತಿ.

ತರಕಾರಿ, ಕಾಳು, ಹಣ್ಣು, ಪಾಲಿಶ್ ಮಾಡದ ಧಾನ್ಯಗಳು ಹೆಚ್ಚಿರುವ ಊಟ ಈ ಅಪಾಯವನ್ನು ತಗ್ಗಿಸುತ್ತದೆ. ಜೋಳದ ರೊಟ್ಟಿ, ಮಡಿಕೆಕಾಳು ಪಲ್ಯ, ರಾಗಿ ಮುದ್ದೆ, ಬಸಳೆ ಸಾರು ನಮ್ಮ ಅಜ್ಜಿಯರ ಅಡುಗೆಯೇ ಅಲ್ಲವೇ? ಆದರೆ ಸಂಘದ ಸಮಾರಂಭಗಳಲ್ಲಿ ಬಡಿಸುವುದು ಪೂರಿ, ಜಿಲೇಬಿ, ಪಲಾವ್.

ಮುಂದಿನ ರಾಜ್ಯೋತ್ಸವದ ಊಟದಲ್ಲಿ ಕರಿದ ತಿಂಡಿಯ ಬದಲು ರೊಟ್ಟಿ, ಕೋಸಂಬರಿ ಇಡಲಿ. ಸಭಾಂಗಣದ ಬಾಗಿಲಲ್ಲೇ ಸೊಂಟದ ಅಳತೆ ಮತ್ತು ರಕ್ತದೊತ್ತಡದ ಉಚಿತ ತಪಾಸಣೆಯೂ ನಡೆಯಲಿ.

– ಓದುಗ, ಡೊಂಬಿವಲಿ