ಅಮೆರಿಕದಲ್ಲಿರುವ ನಮ್ಮವರು ಕೌಂಟಿಯ ಈ ಆಫೀಸಿಗೆ ಒಮ್ಮೆ ಹೋಗಬೇಕು

ಮಾನ್ಯ ಸಂಪಾದಕರಿಗೆ ನಮಸ್ಕಾರ,

ನಿಮ್ಮ ಪತ್ರಿಕೆಯಲ್ಲಿ ಅಮೆರಿಕದ ಕನ್ನಡಿಗರ ಸುದ್ದಿ ಅಂದರೆ ಯುಗಾದಿ, ರಾಜ್ಯೋತ್ಸವ, ನಾಟಕ ಇವೇ ಜಾಸ್ತಿ. ಬರಲಿ, ಅದೂ ಬೇಕು. ಆದರೆ ನಾನಿರುವ ನಾರ್ತ್ ಕೆರೊಲಿನಾದ 100 ಕೌಂಟಿಗಳಲ್ಲೂ (ನಮ್ಮ ಜಿಲ್ಲೆಯಿದ್ದ ಹಾಗೆ) ಒಂದೊಂದು ಎಕ್ಸ್‌ಟೆನ್ಶನ್ ಆಫೀಸ್, ಅಂದರೆ ಕೃಷಿ, ಮನೆವಾರ್ತೆಯ ತಿಳಿವಳಿಕೆಯನ್ನು ಜನರಿಗೆ ಮುಟ್ಟಿಸುವ ವಿಸ್ತರಣಾ ಕಚೇರಿ ಇದೆ. ಅದು ಇರುವುದೇ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ನನಗೂ ಒಂಬತ್ತು ವರ್ಷ ಗೊತ್ತಿರಲಿಲ್ಲ.

ನಮ್ಮ ಹಿತ್ತಲಲ್ಲಿ ಬದನೆ, ಮೆಣಸಿನಕಾಯಿ, ಅವರೆ ಹಾಕಿದ್ದೆವು. ಎರಡು ವರ್ಷ ಎಲೆ ಹಳದಿಯಾಗಿ ಗಿಡ ಮೇಲೇಳಲೇ ಇಲ್ಲ. ಅಂಗಡಿಯವರು ಹೇಳಿದ ಗೊಬ್ಬರವನ್ನೆಲ್ಲ ಮೂಟೆಗಟ್ಟಲೆ ಸುರಿದೆ. ಬೇಸಿಗೆಗೆ ಊರಿಂದ ಬಂದಿದ್ದ ಅಪ್ಪ ಶಿರಾ ಕಡೆ ಕಡಲೆಕಾಯಿ ಬೆಳೆದವರು. ಒಂದು ಹೆಂಟೆ ಎತ್ತಿಕೊಂಡು, ನೀರು ಚಿಮುಕಿಸಿ ಬೆರಳಲ್ಲಿ ಹಿಸುಕಿ, "ಕೆಮ್ಮಣ್ಣೇ ಕಣೋ, ಆದ್ರೆ ನಮ್ಮ ಕೆಮ್ಮಣ್ಣಲ್ಲ. ಸುಮ್ನೆ ದುಡ್ಡು ಸುರೀಬೇಡ, ಮೊದಲು ಮಣ್ಣು ಪರೀಕ್ಷೆ ಮಾಡ್ಸು" ಅಂದರು.

ಹಾಗೆ ಹುಡುಕಿಕೊಂಡು ಹೋಗಿದ್ದು ಆ ಆಫೀಸಿಗೆ. ಪುಟ್ಟ ರಟ್ಟಿನ ಡಬ್ಬಿ ಕೊಟ್ಟರು. ಹತ್ತು ಹದಿನೈದು ಕಡೆ ಆರಿಂಚು ಅಗೆದು, ಮಣ್ಣನ್ನು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕಲಸಿ ತುಂಬಬೇಕು. ತಗಡಿನ ಬಕೆಟ್ ಬೇಡ, ಅದರ ಸತು ಮಣ್ಣಿಗೆ ಸೇರಿದರೆ ಲೆಕ್ಕ ತಪ್ಪುತ್ತದೆ ಅಂತಲೂ ಹೇಳಿಕೊಟ್ಟರು. ವರದಿ ಬಂತು. ಮಣ್ಣು ಹುಳಿ, ಸುಣ್ಣ ಹಾಕಿ, ರಂಜಕ ಈಗಾಗಲೇ ಬೇಕಾದ್ದಕ್ಕಿಂತ ಜಾಸ್ತಿ ಇದೆ, ಇನ್ನು ಹಾಕಬೇಡಿ. ನಾನು ಎರಡು ವರ್ಷ ಮಾಡಿದ್ದು ಅದನ್ನೇ ಅಲ್ವಾ!

ಈ ವ್ಯವಸ್ಥೆ ಇವತ್ತಿನದಲ್ಲ. 1862ರಲ್ಲಿ ಕೃಷಿ ಕಾಲೇಜುಗಳಿಗಾಗಿ ಇಲ್ಲಿನ ಕೇಂದ್ರ ಸರ್ಕಾರ ರಾಜ್ಯಗಳಿಗೆ ಭೂಮಿ ಕೊಟ್ಟಿತು. 1914ರ ಸ್ಮಿತ್-ಲೀವರ್ ಕಾಯ್ದೆ ಆ ಕಾಲೇಜುಗಳ ವಿದ್ಯೆ ಊರಿನ ಜನಕ್ಕೆ ಮುಟ್ಟಲಿ ಅಂತ ಹಣ ಒದಗಿಸಿತು. ಕೇಂದ್ರ, ರಾಜ್ಯ, ಕೌಂಟಿ ಮೂವರೂ ಖರ್ಚು ಹಂಚಿಕೊಳ್ಳುತ್ತಾರೆ, ಅಂದರೆ ನಾವು ಕಟ್ಟುವ ತೆರಿಗೆಯೂ ಅದರಲ್ಲಿದೆ. ನಮ್ಮ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ 1964ರಲ್ಲಿ ಶುರುವಾಗಿದ್ದೂ ಇದೇ ಮಾದರಿಯಲ್ಲಿ, ಟೆನೆಸೀ ವಿಶ್ವವಿದ್ಯಾಲಯದ ನೆರವಿನಿಂದ. ಆ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಕೃಷಿ ಮೇಳಕ್ಕೆ ಬಸ್ಸು ಹತ್ತಿ ಹೋಗುತ್ತಿದ್ದ ಅಪ್ಪನಿಗೆ ಇದನ್ನು ಹೇಳಿದಾಗ ಅವರ ಮುಖ ನೋಡಬೇಕಿತ್ತು.

ಮಕ್ಕಳ ವಿಷಯ ಹೇಳಲೇಬೇಕು. ಇದೇ ಆಫೀಸು ನಡೆಸುವ 4-ಎಚ್ ಕ್ಲಬ್ 5ರಿಂದ 18 ವರ್ಷದವರಿಗೆ. ತಲೆ, ಹೃದಯ, ಕೈ, ಆರೋಗ್ಯ, ಇಂಗ್ಲಿಷಿನ ಈ ನಾಲ್ಕು ಎಚ್‌ಗಳೇ ಅದರ ಗುರುತಿನ ನಾಲ್ಕು ಎಲೆ. ನಾರ್ತ್ ಕೆರೊಲಿನಾದಲ್ಲಿ ಇದು 1909ರಲ್ಲಿ ಆಹೋಸ್ಕಿ ಎಂಬ ಊರಲ್ಲಿ ಹುಡುಗರ ಮುಸುಕಿನ ಜೋಳದ ಕ್ಲಬ್ ಆಗಿ ಹುಟ್ಟಿತು. ಈಗ ಕೋಳಿ ಸಾಕುವುದರಿಂದ ರೋಬೋಟ್‌ವರೆಗೆ ಎಲ್ಲವೂ ಉಂಟು. ಮನೆಗೆ ಯಾರಾದರೂ ಬಂದರೆ ಬಾಗಿಲ ಹಿಂದೆ ನಿಲ್ಲುತ್ತಿದ್ದ ನನ್ನ ಮಗಳು ಕಳೆದ ವರ್ಷ ಎಲ್ಲರೆದುರು ನಿಂತು ಮೊಸರು ಹೆಪ್ಪುಹಾಕುವುದು ಹೇಗೆ ಅಂತ ಐದು ನಿಮಿಷ ಮಾತಾಡಿದಳು. ಹಾಲು ಉಗುರುಬೆಚ್ಚಗಿದೆಯಾ ಅಂತ ಬೆರಳದ್ದಿ ತೋರಿಸಿದಳು. ಹೇಳಿಕೊಟ್ಟವರು ಸಂಬಳವಿಲ್ಲದ ಸ್ವಯಂಸೇವಕರು, ಅವರಿಗೆ ನಾನು ಋಣಿ.

ಅಡುಗೆಮನೆಯ ಒಂದು ಮಾತನ್ನಂತೂ ನಮ್ಮವರು ಕೇಳಲೇಬೇಕು. ಹುರುಳಿಕಾಯಿಯಂಥ ಹುಳಿಯಿಲ್ಲದ ತರಕಾರಿಯನ್ನು ಬಾಟಲಿಯಲ್ಲಿ ತುಂಬಿಡಲು ನಮ್ಮ ಅನ್ನ, ಬೇಳೆ ಬೇಯಿಸುವ ಕುಕ್ಕರ್ ಸಾಲದು. ಅದಕ್ಕೆಂದೇ ಬೇರೆ ದೊಡ್ಡ ಪ್ರೆಶರ್ ಕ್ಯಾನರ್ ಬೇಕು. ಇಲ್ಲದಿದ್ದರೆ ಬಾಟುಲಿಸಂ ಎಂಬ ವಿಷಾಹಾರದ ಕಾಯಿಲೆ ಪ್ರಾಣಕ್ಕೇ ಕುತ್ತು. ಇದನ್ನೂ ಅಲ್ಲೇ ಹೇಳಿಕೊಡುತ್ತಾರೆ.

ದಯವಿಟ್ಟು ಇದರ ಬಗ್ಗೆ ಒಂದು ಪುಟ ಬರೆಸಿ. ಇಲ್ಲಿನ ಕನ್ನಡ ಸಂಘಗಳು ಒಂದು ಭಾನುವಾರ ಈ ಆಫೀಸಿನ ಅಧಿಕಾರಿಯನ್ನು (ಏಜೆಂಟ್ ಅನ್ನುತ್ತಾರೆ) ಕರೆಸಲಿ. ನಾರ್ತ್ ಕೆರೊಲಿನಾದವರಿಗೆ ಇನ್ನೊಂದು ಮಾತು. ಮಣ್ಣು ಪರೀಕ್ಷೆಗೆ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಮಾತ್ರ ದುಡ್ಡು, ಉಳಿದ ತಿಂಗಳು ಉಚಿತ. ನವೆಂಬರ್ ಮುಗಿಯುವ ಮೊದಲೇ ಡಬ್ಬಿ ತುಂಬಿ ಕಳಿಸಿಬಿಡಿ.

– ನಿಮ್ಮ ಓದುಗ, ಕ್ಯಾರಿ, ನಾರ್ತ್ ಕೆರೊಲಿನಾ