ಬಿದರಿ ಪಾತ್ರೆ ತರಗತಿಗೂ ಬರಲಿ

ಮಾನ್ಯರೇ,

ಹತ್ತನೇ ತರಗತಿಯ ‘ಲೋಹಗಳು ಮತ್ತು ಅಲೋಹಗಳು’ ಪಾಠ ಎಷ್ಟೋ ಮಕ್ಕಳಿಗೆ ಬರೀ ಬಾಯಿಪಾಠವಾಗಿಬಿಟ್ಟಿದೆ. ಮಿಶ್ರಲೋಹ ಎಂದರೆ ಹಿತ್ತಾಳೆ, ಕಂಚು ಎಂದು ಬರೆದು ಮುಗಿಸುತ್ತಾರೆ. ನಮ್ಮದೇ ಬೀದರ್‌ನ ಬಿದರಿ ಕಲೆ ಯಾರಿಗೂ ನೆನಪಾಗುವುದಿಲ್ಲ.

ಬಿದರಿ ಪಾತ್ರೆಯಲ್ಲಿ ಸತುವೇ ಜಾಸ್ತಿ, ತಾಮ್ರ ಸ್ವಲ್ಪ. ಎರಕ ಹೊಯ್ದು, ಚಿತ್ತಾರ ಕೊರೆದು, ಆ ಗೆರೆಗಳಲ್ಲಿ ಬೆಳ್ಳಿ ತಂತಿ ಕೂರಿಸುತ್ತಾರೆ. ಆಗಿನ್ನೂ ಬೆಳ್ಳಿ ಎದ್ದು ಕಾಣುವುದಿಲ್ಲ. ಬೀದರ್ ಕೋಟೆಯ ಮಣ್ಣು, ಅಮೋನಿಯಂ ಕ್ಲೋರೈಡ್ ಬೆರೆಸಿದ ಬಿಸಿ ನೀರು ಸೋಕಿದರೆ ಪಾತ್ರೆಯ ಮೈ ಕಡುಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹಾಗೇ ಹೊಳೆಯುತ್ತದೆ. ಲೋಹಗಳ ಗುಣ ಬೇರೆ ಬೇರೆ ಎಂದು ತೋರಿಸಲು ಇದಕ್ಕಿಂತ ಒಳ್ಳೆಯ ಪ್ರಯೋಗ ಬೇಕೇ?

ಈ ಕಲೆಗೆ 2006ರಲ್ಲೇ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿದೆ. ಆದರೆ ಬಿದರಿ ಹೂದಾನಿ ಸನ್ಮಾನದ ವೇದಿಕೆಗಷ್ಟೇ ಮೀಸಲು! ಶಿಕ್ಷಣ ಇಲಾಖೆ ವರ್ಷಕ್ಕೆ ಒಂದು ದಿನವಾದರೂ ಬಿದರಿ ಕುಶಲಕರ್ಮಿಗಳನ್ನು ಪ್ರೌಢಶಾಲೆಗಳಿಗೆ ಕರೆಸಿ, ಗೌರವಧನ ಕೊಟ್ಟು, ಈ ಕೆಲಸವನ್ನು ಮಕ್ಕಳೆದುರೇ ಮಾಡಿಸಲಿ.

– ವಿಜ್ಞಾನ ಶಿಕ್ಷಕ, ಕಲಬುರಗಿ