ಗುರು ಹೋದರು, ಮದುವೆ ಹೋಗಲಿಲ್ಲ

ವಾಸ್ಕೊ, ಗೋವಾ

ಚಿರಂಜೀವಿ ಮಗಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿಮ್ಮ ಮದುವೆ ನಡೆಸಿಕೊಟ್ಟ ಫಾದರ್ ಗುರುಪಟ್ಟ ಬಿಟ್ಟು ಸಂಸಾರಸ್ಥರಾದ ಸುದ್ದಿ ಪೋಂಡಾದವರೆಗೂ ಮುಟ್ಟಿತೆಂದು ತಿಳಿಯಿತು. "ಹಾಗಾದರೆ ಇವರ ಮದುವೆಯ ಗತಿಯೇನು?" ಎಂದು ನಿನ್ನ ಅತ್ತೆಯವರು ರಾಗ ತೆಗೆದಿದ್ದಾರಂತೆ. ಮಗುವಿನ ಜ್ಞಾನಸ್ನಾನಕ್ಕಾದರೂ (ಬ್ಯಾಪ್ಟಿಸಮ್‌ಗೆ) ಒಳ್ಳೆಯ ಗುರುಗಳು ಸಿಗಲಿ ಎಂದು ನೀವಿಬ್ಬರೂ ದಿನ ಮುಂದೂಡುತ್ತಿದ್ದೀರಂತೆ. ಫೋನಿನಲ್ಲಿ ಹೇಳಿದರೆ ಅರ್ಧ ಮಾತು ಮಗುವಿನ ಅಳುವಿಗೆ ಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಅತ್ತೆಯವರಿಗೂ ಓದಿ ಹೇಳು. ಸಿಟ್ಟಾದರೆ ನನ್ನ ಮೇಲೆ ಆಗಲಿ.

ಮೊದಲು ಮದುವೆಯ ಮಾತು. ನಮ್ಮ ಕಥೋಲಿಕ ಸಭೆಯ ಲತೀನ್ ಸಂಪ್ರದಾಯದಲ್ಲಿ ವಿವಾಹ ಸಂಸ್ಕಾರವನ್ನು ಕೊಡುವವರು ಗುರುಗಳಲ್ಲ. ವಧೂವರರೇ ಒಬ್ಬರಿಗೊಬ್ಬರು ಕೊಡುತ್ತಾರೆ. ಗುರುಗಳು ಧರ್ಮಸಭೆಯ ಪರವಾಗಿ ನಿಂತು ಒಪ್ಪಿಗೆ ಕೇಳುತ್ತಾರೆ, ಜೊತೆಗೆ ಇಬ್ಬರು ಸಾಕ್ಷಿಗಳಿರಬೇಕು. ಈ ಕಟ್ಟುಪಾಡು ಕೂಡ ಬಂದದ್ದು 1563ರಲ್ಲಿ, ಧರ್ಮಾಧ್ಯಕ್ಷರೆಲ್ಲ ಸೇರಿದ್ದ ಟ್ರೆಂಟ್ ಮಹಾಸಭೆಯಲ್ಲಿ. ಅದಕ್ಕೆ ಮೊದಲು ಗುಟ್ಟಾಗಿ ಮಾತು ಕೊಟ್ಟು ಆದ ಮದುವೆಯೂ ಮದುವೆಯೇ ಆಗಿತ್ತು. ಆಮೇಲೆ ಕೊಟ್ಟ ಮಾತನ್ನೇ ಅಲ್ಲಗಳೆದು ಜಾರಿಕೊಳ್ಳುವವರು ಹೆಚ್ಚಿದ್ದರಿಂದ ಸಾಕ್ಷಿ ಬೇಕಾಯಿತು. ನಿನ್ನ ಮದುವೆಯ ದಿನ ನೀನು ಒಪ್ಪಿಗೆ ಹೇಳಿದ್ದು ಮೊದಲ ಸಾಲಿನ ಬೆಂಚಿಗೂ ಕೇಳಿಸಲಿಲ್ಲ. ಆ ಫಾದರ್ ಮೈಕನ್ನು ನಿನ್ನ ಬಾಯಿಯ ಹತ್ತಿರ ಹಿಡಿದು ಇನ್ನೊಮ್ಮೆ ಹೇಳಿಸಿದರು. ಅಲ್ಲಿ ಬೇಕಾಗಿದ್ದದ್ದು ನಿನ್ನ ಮಾತು. ಅವತ್ತು ಅವರು ಆ ಧರ್ಮಕೇಂದ್ರದ ಗುರುಗಳಾಗಿದ್ದರು, ಅಧಿಕಾರವಿತ್ತು, ಕೇಳಿದರು, ನೀವು ಹೇಳಿದಿರಿ, ಮುಗಿಯಿತು. ಆಮೇಲೆ ಅವರು ಏನಾದರೂ ನಿಮ್ಮ ಮದುವೆಗೆ ಸಂಬಂಧವಿಲ್ಲ. (ಕೇರಳದ ಸಿರೋ-ಮಲಬಾರ್ ಸಭೆಯ ಕ್ರಮ ಬೇರೆ, ಅಲ್ಲಿ ಗುರುವಿನ ಆಶೀರ್ವಾದವಿಲ್ಲದೆ ಮದುವೆ ಊರ್ಜಿತವಾಗದು. ನಿನ್ನ ಪಕ್ಕದ ಮನೆಯಾಕೆ ಹೆದರಿಸಿದ್ದು ಆ ಲೆಕ್ಕದಲ್ಲಿರಬೇಕು. ಆದರೆ ಅಲ್ಲಿಯೂ ಆಶೀರ್ವದಿಸಿದವರು ಮುಂದೆ ಪಟ್ಟ ಬಿಟ್ಟರೆ ಮದುವೆ ಮುರಿಯುವುದಿಲ್ಲ.)

ಇದು ಹೊಸ ಜಗಳವೇನೂ ಅಲ್ಲ. ರೋಮಿನ ಚಕ್ರವರ್ತಿ ಡಯೊಕ್ಲೀಷಿಯನ್ 303ರಲ್ಲಿ ಕ್ರೈಸ್ತರ ಹಿಂಸೆಗೆ ಇಳಿದಾಗ ಉತ್ತರ ಆಫ್ರಿಕದ ಕೆಲವು ಗುರುಗಳು ಹೆದರಿ ಪವಿತ್ರ ಗ್ರಂಥಗಳನ್ನು ಅಧಿಕಾರಿಗಳ ಕೈಗೆ ಒಪ್ಪಿಸಿಬಿಟ್ಟರು. ಅಂಥವರು ಕೊಟ್ಟ ಸಂಸ್ಕಾರ ಸಂಸ್ಕಾರವೇ ಅಲ್ಲ ಎಂದು ಅಲ್ಲಿನ ಧರ್ಮಾಧ್ಯಕ್ಷ ಡೊನಾಟಸ್‌ನ ಅನುಯಾಯಿಗಳು ಬೇರೆಯಾದರು, ತಮ್ಮಲ್ಲಿಗೆ ಬಂದವರಿಗೆ ಮತ್ತೆ ಜ್ಞಾನಸ್ನಾನ ಮಾಡಿಸಿದರು. ಸಂತ ಅಗಸ್ಟೀನರು ಅವರೊಡನೆ ವರ್ಷಗಟ್ಟಲೆ ವಾದಿಸಿದರು. ಯೇಸುವಿನ ಶಿಷ್ಯ ಪೇತ್ರ ಸ್ನಾನ ಮಾಡಿಸಿದರೂ ಯೇಸುವನ್ನು ಹಿಡಿದುಕೊಟ್ಟ ಯೂದ ಮಾಡಿಸಿದರೂ ಮಾಡಿಸುವವನು ಕ್ರಿಸ್ತನೇ ಎಂಬುದು ಅವರ ನಿಲುವು. ನಮ್ಮ ಕಡೆ ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಇಲ್ಲಿ ಪೂಜಾರಿಗೆ ಆ ಅಡ್ಡಗಾಲು ಹಾಕುವ ಶಕ್ತಿಯೇ ಇಲ್ಲ.

ನಿನ್ನ ಅಪ್ಪನ ಕಥೆ ನಿನಗೆ ಗೊತ್ತಿರಲಾರದು. ಹುಟ್ಟಿದಾಗ ಉಸಿರಾಟವೇ ಸರಿಯಿರಲಿಲ್ಲ. ಚರ್ಚು ದೂರ, ಮಳೆಗಾಲ ಬೇರೆ. ನಮ್ಮ ಅವ್ವ ಹೇಳಿಕೊಟ್ಟ ಮಾತನ್ನೇ ಹೇಳುತ್ತಾ ಸೂಲಗಿತ್ತಿ ಮಗುವಿನ ತಲೆಯ ಮೇಲೆ ನೀರು ಹೊಯ್ದಳು. ಆಕೆ ಕ್ರೈಸ್ತಳಲ್ಲ. ಆಮೇಲೆ ಮಗುವನ್ನು ಚರ್ಚಿಗೆ ಒಯ್ದಾಗ ಗುರುಗಳು ಆಕೆಯನ್ನೇ ಕರೆಸಿ ವಿಚಾರಿಸಿದರು: ನೀರು ತಲೆಯ ಮೇಲೆ ಹರಿಯಿತೇ, ಬಾಯಲ್ಲಿ ಏನು ಹೇಳಿದೆ? ಆಕೆ "ಪಿತನ, ಸುತನ, ಪವಿತ್ರಾತ್ಮರ ನಾಮದಲ್ಲಿ" ಎಂಬುದನ್ನು ತಪ್ಪಿಲ್ಲದೆ ಒಪ್ಪಿಸಿದಳು. ಗುರುಗಳು ಎಣ್ಣೆ ಹಚ್ಚಿ ಉಳಿದ ವಿಧಿ ಮುಗಿಸಿದರು, ನೀರು ಮಾತ್ರ ಮತ್ತೆ ಹಾಕಲಿಲ್ಲ. ಪ್ರಾಣಾಪಾಯದಲ್ಲಿ ಯಾರು ಬೇಕಾದರೂ ಜ್ಞಾನಸ್ನಾನ ಕೊಡಬಹುದು. ಧರ್ಮಸಭೆಯ ಉದ್ದೇಶವೇ ಕೊಡುವವರ ಮನಸ್ಸಿನಲ್ಲಿದ್ದರೆ ಸಾಕು.

ಹಾಗೆಂದು ಗುರುಗಳೇ ಬೇಡ ಎಂದುಕೊಳ್ಳಬೇಡ. ಇಲ್ಲಿಗೆ ಹತ್ತಿರದ ಸಾಂಕವಾಳದ ಮನೆತನದವರು ಸಂತ ಜೋಸೆಫ್ ವಾಜ್. 1651ರಲ್ಲಿ ಬಾಣಾವಲಿಯಲ್ಲಿ ಹುಟ್ಟಿದರು, ಸಿಂಹಳಕ್ಕೆ (ಈಗಿನ ಶ್ರೀಲಂಕಾಕ್ಕೆ) ಹೋಗುವ ಮುಂಚೆ ನಮ್ಮ ಕೆನರಾದಲ್ಲೂ ಸೇವೆ ಮಾಡಿದರು. 1658ರಲ್ಲಿ ಡಚ್ಚರು ಜಾಫ್ನಾ ಹಿಡಿದು ಕಥೋಲಿಕ ಗುರುಗಳನ್ನು ಹೊರಗಟ್ಟಿದ್ದರು. ಅಲ್ಲಿನ ಜನ ಮನೆಯೊಳಗೆ ಜಪಸರ ಹೇಳಿಕೊಂಡು ನಂಬಿಕೆ ಉಳಿಸಿಕೊಂಡರು. ಆದರೆ ಬಲಿಪೂಜೆಯಿಲ್ಲ (ಚರ್ಚಿನ ಮಾಸ್ ಇಲ್ಲ), ಪಾಪನಿವೇದನೆಯಿಲ್ಲ, ಸಾಯುವವರಿಗೆ ಎಣ್ಣೆ ಹಚ್ಚುವವರಿಲ್ಲ. ಈ ಮೂರಕ್ಕೆ ಗುರುದೀಕ್ಷೆ ಪಡೆದವರೇ ಬೇಕು. 1687ರಲ್ಲಿ ವಾಜ್ ಸ್ವಾಮಿಯವರು ವೇಷ ಮರೆಸಿಕೊಂಡು ಅಲ್ಲಿ ಇಳಿದರು. ಕೊರಳಿಗೆ ಜಪಸರ ಹಾಕಿ ಮನೆಮನೆ ಭಿಕ್ಷೆ ಬೇಡುತ್ತಾ, ಅದನ್ನು ಕಂಡು ಯಾರ ಮುಖ ಬದಲಾಗುತ್ತದೆಂದು ನೋಡುತ್ತಿದ್ದರು ಎಂದು ಅವರ ಚರಿತ್ರೆ ಹೇಳುತ್ತದೆ. 1711ರಲ್ಲಿ ಕ್ಯಾಂಡಿಯಲ್ಲಿ ತೀರಿಕೊಳ್ಳುವವರೆಗೆ ಗೋವೆಗೆ ಮರಳಲಿಲ್ಲ. ಆ ಜನ ಹತ್ತಿರ ಹತ್ತಿರ ಮೂವತ್ತು ವರ್ಷ ಕಾದದ್ದು ಗುರುವಿಗಾಗಿ. ನೀವು ಕಾಯುತ್ತಿರುವುದು ಹೆಸರುವಾಸಿ ಗುರುವಿಗಾಗಿ.

ಗುರುಗಳ ಗುಣ ನೋಡಬೇಡ ಎಂದೆ, ಅವರು ಮಾಡುವ ಕೆಲಸ ನೋಡಬೇಡ ಎನ್ನಲಿಲ್ಲ. ಅಮೆರಿಕದ ಒಬ್ಬ ಯುವ ಗುರು ತನ್ನ ಜ್ಞಾನಸ್ನಾನದ ಹಳೆಯ ವಿಡಿಯೊ ನೋಡಿದಾಗ, ಸ್ನಾನ ಕೊಟ್ಟವರು "ನಾನು" ಎನ್ನುವಲ್ಲಿ "ನಾವು" ಎಂದದ್ದು ಕೇಳಿಸಿತು. ಆ ರೀತಿ ಕೊಟ್ಟದ್ದು ಊರ್ಜಿತವಲ್ಲ ಎಂದು 2020ರಲ್ಲಿ ವ್ಯಾಟಿಕನ್ ಹೇಳಿತು. ಪಾಪ, ಆತ ಜ್ಞಾನಸ್ನಾನದಿಂದ ಹಿಡಿದು ಗುರುದೀಕ್ಷೆಯವರೆಗೆ ಎಲ್ಲವನ್ನೂ ಹೊಸದಾಗಿ ಪಡೆಯಬೇಕಾಯಿತು. ಪಾಪಿಯ ಕೈಯಿಂದ ಕೆಡದ ಸಂಸ್ಕಾರ, ಮಾತನ್ನು ಚಂದಗಾಣಿಸಲು ಹೋದವರ ಕೈಯಲ್ಲಿ ಕೆಟ್ಟಿತು. ನನಗಂತೂ ಪುಸ್ತಕ ನೋಡಿಕೊಂಡು ಅಕ್ಷರ ಬಿಡದೆ ಓದುವ ಸಪ್ಪೆ ಗುರುಗಳೇ ಇಷ್ಟ.

ಇನ್ನೊಂದು ಮಾತು. ಸಂಸ್ಕಾರ ಊರ್ಜಿತ ಎಂದ ಮಾತ್ರಕ್ಕೆ ಗುರುಗಳು ಮಾಡಿದ್ದೆಲ್ಲ ಸರಿ ಎಂದಲ್ಲ. ಯಾವ ಗುರುವೇ ಆಗಲಿ ಯಾರಿಗಾದರೂ ಅನ್ಯಾಯ ಮಾಡಿದರೆ ಧರ್ಮಾಧ್ಯಕ್ಷರಿಗೆ ಬರೆಯಬೇಕು, ಕಾನೂನು ಮೀರಿದ್ದರೆ ಪೊಲೀಸರಿಗೂ ಹೇಳಬೇಕು. ನಿಮ್ಮ ಫಾದರ್ ಹಾಗೇನೂ ಮಾಡಿಲ್ಲ. ಹೇಳಿ ಕೇಳಿ, ಅನುಮತಿ ಪಡೆದು ಹೋದರು. ಅವರು ಇನ್ನು ಬಲಿಪೂಜೆ ಅರ್ಪಿಸುವಂತಿಲ್ಲ, ಆದರೆ ದೀಕ್ಷೆಯ ಮುದ್ರೆ ಅಳಿಯುವುದಿಲ್ಲ. ನಾಳೆ ರಸ್ತೆಯಲ್ಲಿ ಯಾರಾದರೂ ಸಾಯುವ ಸ್ಥಿತಿಯಲ್ಲಿ ಬಿದ್ದು ಪಾಪನಿವೇದನೆ ಬೇಡಿದರೆ ಅವರು ಕೊಡುವ ಕ್ಷಮೆ ಪೂರ್ತಿ ಊರ್ಜಿತ. ಎದುರಿಗೆ ಸಿಕ್ಕರೆ ಮುಖ ತಿರುಗಿಸಬೇಡ.

ಈಗ ನಿನ್ನ ಕೆಲಸ. ನಿಮ್ಮ ಧರ್ಮಕೇಂದ್ರದ ಕಚೇರಿಗೆ ಹೋಗಿ ಅಲ್ಲಿರುವ ಗುರುಗಳನ್ನೇ ಕೇಳಿ ದಿನ ಗೊತ್ತುಮಾಡು. ಜ್ಞಾನಪಿತನಾಗುವವನಿಗೆ ಹದಿನಾರು ತುಂಬಿರಬೇಕು, ದೃಢೀಕರಣ ಸಂಸ್ಕಾರ (ಕನ್ಫರ್ಮೇಶನ್) ಆಗಿರಬೇಕು. ನಿನ್ನ ತಮ್ಮ ಆಗಬಹುದು. ಅವನ ದೃಢೀಕರಣದ ಪತ್ರ ನಮ್ಮ ಬೀರುವಿನಲ್ಲೇ ಇದೆ, ಈ ಭಾನುವಾರ ಅವನ ಕೈಯಲ್ಲೇ ಕೊಟ್ಟು ಕಳುಹಿಸುತ್ತೇನೆ.

ನಿನ್ನ ದೊಡ್ಡಪ್ಪ